ಖೇಜಡ್ಲಿಯ ಬನ್ನಿಮರಗಳು

ತುರುಗಾಳಗದಲ್ಲಿ, ಊರಳಿವಿನಲ್ಲಿ ಕಾದಿ ಮಡಿದವರನ್ನು ಕನ್ನಡ ನಾಡಿನ ವೀರಗಲ್ಲುಗಳು ಸ್ಮರಿಸುತ್ತವೆ. ಆಯುಧವನ್ನೇ ಹಿಡಿಯದೆ ಮರಗಳಿಗಾಗಿ ಪ್ರಾಣವಿತ್ತ 363 ಮಂದಿಯ ಸ್ಮಾರಕವೊಂದು ರಾಜಸ್ಥಾನದ ಜೋಧಪುರದ ಸಮೀಪ, ಖೇಜಡ್ಲಿ ಗ್ರಾಮದಲ್ಲಿದೆ.

1485ರಲ್ಲಿ ಗುರು ಜಾಂಭೋಜಿ ಸ್ಥಾಪಿಸಿದ ಬಿಷ್ಣೋಯಿ ಪಂಥಕ್ಕೆ 29 ನಿಯಮಗಳುಂಟು. ಜೀವದಯೆಯೂ ಹಸಿಮರವನ್ನು ಕಡಿಯದಿರುವುದೂ ಅವುಗಳಲ್ಲಿ ಸೇರಿವೆ. ಸೌದೆಗಾಗಿ ಮರ ಬೀಳಬಾರದೆಂದು ಈ ಪಂಥದವರು ಶವವನ್ನು ಸುಡದೆ ಹೂಳುತ್ತಾರೆ. 1730ರಲ್ಲಿ ಮಾರವಾಡದ ಅರಸ ಅಭಯಸಿಂಹನ ಅರಮನೆಯ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕಾಯಿತು. ಕೊಡಲಿ ಹಿಡಿದು ಬಂದವರೆದುರು ಅಮೃತಾದೇವಿ ಖೇಜಡಿ ಮರವನ್ನು ತಬ್ಬಿ ನಿಂತು ಪ್ರಾಣ ನೀಡಿದಳು. ಆಕೆಯ ಮೂವರು ಹೆಣ್ಣುಮಕ್ಕಳೂ ಸುತ್ತಲಿನ ಹಳ್ಳಿಗಳ ಬಿಷ್ಣೋಯಿಗಳೂ ಅದೇ ಹಾದಿ ಹಿಡಿದರು. ಕೊನೆಗೆ ಅರಸನು ಬಿಷ್ಣೋಯಿ ಗ್ರಾಮಗಳಲ್ಲಿ ಮರ ಕಡಿಯುವುದನ್ನೇ ನಿಷೇಧಿಸಿದನು.

ಪ್ರತಿವರ್ಷ ಭಾದ್ರಪದ ಶುಕ್ಲ ದಶಮಿಯಂದು ಬಿಷ್ಣೋಯಿಗಳು ಅಲ್ಲಿ ನೆರೆದು ಹೋಮ ಮಾಡಿ, ಮಡಿದವರಿಗೆ ನಮಿಸುತ್ತಾರೆ. ಆ ಶೋಕ ಬರಿಯ ನೆನಪಲ್ಲ, ವ್ರತದ ನವೀಕರಣ. ಪಶ್ಚಿಮ ರಾಜಸ್ಥಾನದಲ್ಲಿ ಸೌರವಿದ್ಯುತ್ ಸ್ಥಾವರಗಳಿಗಾಗಿ ಖೇಜಡಿಗಳನ್ನು ಉರುಳಿಸುವುದನ್ನು ಇಂದು ವಿರೋಧಿಸುತ್ತಿರುವವರಿಗೂ ಖೇಜಡ್ಲಿಯೇ ಆಧಾರ.

ಖೇಜಡಿಯೆಂದರೆ ಶಮೀವೃಕ್ಷ, ಕನ್ನಡಿಗರ ಬನ್ನಿ. ಖೇಜಡ್ಲಿಯ ಜಾತ್ರೆ ಮುಗಿದ ತಿಂಗಳಿಗೆ ವಿಜಯದಶಮಿ ಬರುತ್ತದೆ. ಎಲೆಯನ್ನು ಬಂಗಾರವೆಂದು ಹಂಚುವ ಊರುಗಳಲ್ಲಿ ಮರ ಉಳಿದಿದೆಯೇ ಎಂಬುದನ್ನೂ ಅಂದೇ ವಿಚಾರಿಸುವುದು ಉಚಿತ.