ಸ್ಪೀಕರ್ ತಂತಿಗೆ ಬೆಲೆ ಬಂದ ಬಗೆ

ಮನೆಯ ಸ್ಪೀಕರಿಗೆಂದೇ ತಯಾರಾದ ತಂತಿ ಎಂಬ ಪ್ರತ್ಯೇಕ ಸರಕು 1970ರ ದಶಕದ ನಡುವಿನವರೆಗೆ ಮಾರುಕಟ್ಟೆಯಲ್ಲಿ ಇರಲಿಲ್ಲವೆಂದೇ ಹೇಳಬಹುದು. ಅಮೆರಿಕದಲ್ಲಿ ಸ್ಪೀಕರ್ ಕೊಂಡವರು ಮೇಜುದೀಪಕ್ಕೆ ಹಾಕುವ ಜೋಡಿ ವೈರನ್ನೇ ಆಂಪ್ಲಿಫೈಯರಿನಿಂದ ಪೆಟ್ಟಿಗೆಯವರೆಗೆ ಎಳೆದುಕೊಳ್ಳುತ್ತಿದ್ದರು. ಎಷ್ಟೋ ವೇಳೆ ಅಂಗಡಿಯವನೇ ಸುರುಳಿಯಿಂದ ಬೇಕಾದಷ್ಟು ಕತ್ತರಿಸಿ ಬಿಟ್ಟಿಯಾಗಿ ಕೊಡುತ್ತಿದ್ದ. ಅಲ್ಲಿಂದ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಎರಡು ಎಳೆ ತಾಮ್ರಕ್ಕೆ ಹೆಸರು ಬಂತು, ಜಾಹೀರಾತು ಬಂತು, ಆಂಪ್ಲಿಫೈಯರಿನ ಬೆಲೆಯ ಜೊತೆ ಹೋಲಿಸುವಂಥ ಬೆಲೆಯೂ ಬಂತು. ಈ ಬದಲಾವಣೆಗೆ ಭೌತಶಾಸ್ತ್ರದ ಯಾವ ಹೊಸ ಶೋಧವೂ ಕಾರಣವಲ್ಲ. ತಂತಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಗಳೆಲ್ಲ ಅದಕ್ಕೂ ಬಹಳ ಮೊದಲೇ ತೀರ್ಮಾನವಾಗಿದ್ದವು. ತಾಮ್ರದ ಗುಣದ ಪ್ರಶ್ನೆಯನ್ನು ಟೆಲಿಗ್ರಾಫಿನವರು ಬಗೆಹರಿಸಿದ್ದರು, ದೂರದ ಪ್ರಶ್ನೆಯನ್ನು ವಿದ್ಯುತ್ ಸಾಗಿಸುವವರೂ ಮೈಕ್‌ಸೆಟ್‌ನವರೂ ಬಗೆಹರಿಸಿದ್ದರು. ಮನೆಯಲ್ಲಿ ಸಂಗೀತ ಕೇಳುವವರ ಪಾಲಿಗೆ ಉಳಿದದ್ದು ಒಂದೇ ಲೆಕ್ಕ: ಎಷ್ಟು ಉದ್ದಕ್ಕೆ ಎಷ್ಟು ದಪ್ಪ. ಅದರಾಚೆಗಿನದೆಲ್ಲ ವ್ಯಾಪಾರದ ಸೃಷ್ಟಿ ಎಂಬುದು ಈ ಇತಿಹಾಸವನ್ನು ನೋಡಿದಾಗ ನನಗೆ ಕಾಣುವ ಸತ್ಯ.

ತಾಮ್ರದಿಂದಲೇ ಶುರುಮಾಡಬೇಕು, ಏಕೆಂದರೆ ದುಬಾರಿ ತಂತಿಯ ಮೊದಲ ಹೆಗ್ಗಳಿಕೆ ಅದರ ಶುದ್ಧ ತಾಮ್ರ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕುವ ಮೊದಲ ಪ್ರಯತ್ನ ನಡೆದ 1857ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ಗ್ಲಾಸ್ಗೊದ ವಿಲಿಯಂ ಥಾಮ್ಸನ್ ಪೇಟೆಯಲ್ಲಿ ಸಿಗುವ ಬಗೆಬಗೆಯ ತಾಮ್ರದ ತಂತಿಗಳನ್ನು ಅಳೆದು ನೋಡಿದರು. ಕಣ್ಣಿಗೆ ಒಂದೇ ಥರ ಕಾಣುವ, ಒಂದೇ ದಪ್ಪದ ತಂತಿಗಳ ವಾಹಕತೆಯಲ್ಲಿ ಯಾರೂ ಊಹಿಸದಷ್ಟು ಅಂತರ ಕಂಡಿತು. ಸಾವಿರಾರು ಕಿಲೋಮೀಟರ್ ಉದ್ದದ ಕೇಬಲಿಗೆ ಆ ಅಂತರ ಬದುಕು ಸಾವಿನ ಪ್ರಶ್ನೆಯಾಗಿತ್ತು. ತಾಮ್ರದಲ್ಲಿ ಅಡಗಿದ ಆರ್ಸೆನಿಕ್‌ನಂಥ ಕಲ್ಮಶ ತೀರ ಸ್ವಲ್ಪವಿದ್ದರೂ ವಾಹಕತೆ ಕುಸಿಯುತ್ತದೆ ಎಂಬುದು ಆ ಕಾಲದ ಪ್ರಯೋಗಗಳಿಂದಲೇ ತಿಳಿಯಿತು. ಆಮೇಲೆ 1865ರಲ್ಲಿ ಜೇಮ್ಸ್ ಎಲ್ಕಿಂಗ್ಟನ್ ವಿದ್ಯುತ್ತಿನಿಂದಲೇ ತಾಮ್ರವನ್ನು ಶುದ್ಧಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆ ವಿಧಾನ ಬೆಳೆದು ಜಗತ್ತಿನ ವಿದ್ಯುತ್ ಉದ್ಯಮಕ್ಕೆ ಬೇಕಾದ ತಾಮ್ರದ ಬಹುಪಾಲನ್ನು ಒದಗಿಸಿತು. 1913ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅಳತೆಯೂ ಬಂತು: ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಹದಮಾಡಿದ ತಾಮ್ರದ ರೋಧ 20 ಡಿಗ್ರಿ ಉಷ್ಣತೆಯಲ್ಲಿ ಒಂದು ಓಮಿನ 58ರಲ್ಲಿ ಒಂದು ಭಾಗ. ಇವತ್ತು ಮನೆಯ ಗೋಡೆಯೊಳಗೆ ಓಡುವ ಸಾಧಾರಣ ತಾಮ್ರವೂ ಈ ಮಟ್ಟ ಮುಟ್ಟುತ್ತದೆ.

ಹಾಗಿದ್ದರೆ ಆಮ್ಲಜನಕವಿಲ್ಲದ ತಾಮ್ರ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕುತ್ತಾರಲ್ಲ? ಅದು ಸುಳ್ಳಲ್ಲ. ಅಂಥ ತಾಮ್ರ ನಿಜವಾಗಿಯೂ ಇದೆ, ನಿರ್ವಾತ ಕೊಳವೆಗಳಂಥ ಕಡೆ ಅದರ ಅಗತ್ಯವೂ ಇದೆ. ಆಮ್ಲಜನಕ ಉಳಿದ ತಾಮ್ರವನ್ನು ಜಲಜನಕದ ನಡುವೆ ಕಾಯಿಸಿದರೆ ಅದು ಪೆಡಸಾಗಿ ಬಿರಿಯುತ್ತದೆ. ಆದರೆ ವಾಹಕತೆಯಲ್ಲಿ ಅದು ಸಾಧಾರಣ ವಿದ್ಯುತ್ ತಾಮ್ರಕ್ಕಿಂತ ಮೇಲಿರುವುದು ಹೆಚ್ಚೆಂದರೆ ನೂರಕ್ಕೆ ಒಂದು ಭಾಗ. ಐದು ಮೀಟರ್ ತಂತಿಯಲ್ಲಿ ಐದು ಸೆಂಟಿಮೀಟರ್ ಕತ್ತರಿಸಿ ತೆಗೆದರೆ ಅಷ್ಟೇ ಲಾಭ ಸಿಗುತ್ತದೆ. ಇನ್ನೂ ಒಂದು ಮಾತಿದೆ. 8 ಓಮ್ ಎಂದು ಬರೆದ ಸ್ಪೀಕರಿನ ಒಳಗಿನ ಸುರುಳಿಯೇ ಸಾಮಾನ್ಯವಾಗಿ 6 ಓಮಿನಷ್ಟು ರೋಧವುಳ್ಳದ್ದು, ಕೂದಲಿನಂಥ ತಂತಿಯನ್ನು ಮೀಟರುಗಟ್ಟಲೆ ಸುತ್ತಿ ಮಾಡಿದ್ದು. ಹೊರಗೆ ಎಂಥ ತಾಮ್ರ ಹಾಕಿದರೂ ಧ್ವನಿಯ ಸಂಕೇತ ಕೊನೆಗೆ ಹಾಯಬೇಕಾದದ್ದು ಆ ಸುರುಳಿಯನ್ನೇ.

ಧ್ವನಿವರ್ಧಕದ ಮೊದಲ ಐವತ್ತು ವರ್ಷ ಮನೆಯಲ್ಲಿ ತಂತಿಯ ಪ್ರಶ್ನೆಯೇ ಏಳಲಿಲ್ಲ. ಕ್ಯಾಲಿಫೋರ್ನಿಯದ ನಾಪಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ಕಟ್ಟಿದ ಮ್ಯಾಗ್ನವಾಕ್ಸ್ ಯಂತ್ರ 1915ರಲ್ಲಿ ಜನರ ಮುಂದೆ ಕೂಗಿತು. 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿಗೂ ಚಾಲ್ತಿಯಲ್ಲಿರುವ ಮಾದರಿಯ ಸುರುಳಿ ಸ್ಪೀಕರನ್ನು ವಿವರಿಸಿದರು. ಆ ಕಾಲದ ರೇಡಿಯೋಗೆ ಜೋಡಿಸುತ್ತಿದ್ದ ಕಹಳೆ ಸ್ಪೀಕರುಗಳ ರೋಧವೇ ಸಾವಿರ ಓಮುಗಳ ಲೆಕ್ಕದಲ್ಲಿತ್ತು. ಅದರ ಮುಂದೆ ತಂತಿಯ ಒಂದೆರಡು ಓಮ್ ಗಣನೆಗೇ ಬರುವಂತಿರಲಿಲ್ಲ. ಸುರುಳಿ ಸ್ಪೀಕರ್ ಬಂದ ಮೇಲೆ ರೋಧ ಕೆಲವೇ ಓಮುಗಳಿಗೆ ಇಳಿಯಿತು ನಿಜ. ಆದರೆ ರೇಡಿಯೋ, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲ ಒಂದೇ ಮರದ ಪೆಟ್ಟಿಗೆಯೊಳಗೆ ಕೂತಿದ್ದರಿಂದ ನಡುವಿನ ತಂತಿ ಗೇಣುದ್ದ ಇದ್ದರೆ ಹೆಚ್ಚು.

ಉದ್ದ ತಂತಿಯ ಕಷ್ಟವನ್ನು ಮೊದಲು ಅನುಭವಿಸಿದವರು ಬಯಲಿನಲ್ಲಿ ಕೆಲಸ ಮಾಡಿದವರು, ಮತ್ತು ಅವರು ಕಂಡುಕೊಂಡ ಉಪಾಯ ಇಡೀ ಇತಿಹಾಸದ ಅತ್ಯಂತ ಗಟ್ಟಿ ಪಾಠ. ಕರ್ನಾಟಕದ ಯಾವುದೇ ಜಾತ್ರೆ, ಮದುವೆಯ ಚಪ್ಪರ, ಯಕ್ಷಗಾನದ ಬಯಲಾಟವನ್ನು ನೆನೆಯಿರಿ. ಆಂಪ್ಲಿಫೈಯರ್ ರಂಗದ ಪಕ್ಕ, ಹಾರ್ನ್ ದೂರದ ಮರದ ಕೊಂಬೆಯಲ್ಲಿ. ಇಪ್ಪತ್ತು ವ್ಯಾಟಿನ, 8 ಓಮಿನ ಹಾರ್ನನ್ನು 200 ಮೀಟರ್ ದೂರದಲ್ಲಿ ಕಟ್ಟಿ, ಎಲೆಕ್ಟ್ರಿಷಿಯನ್ನರ ಬಾಯಲ್ಲಿ 23/36 ಎಂದು ಬಳಕೆಯಲ್ಲಿದ್ದ ವೈರನ್ನು, ಅಂದರೆ 36 ಗೇಜಿನ 23 ಎಳೆಗಳ ವೈರನ್ನು ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು 10 ಓಮ್ ಆಗುತ್ತದೆ. ಹಾರ್ನಿನ ರೋಧಕ್ಕಿಂತ ತಂತಿಯದೇ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ಶಕ್ತಿ ತಂತಿಯನ್ನು ಕಾಯಿಸುವುದರಲ್ಲೇ ಮುಗಿದುಹೋಗುತ್ತದೆ. ಮೈಕ್‌ಸೆಟ್‌ನವರು ಇದಕ್ಕೆ ತೋಳಿನ ಗಾತ್ರದ ತಾಮ್ರ ಹುಡುಕಲಿಲ್ಲ, ವೋಲ್ಟೇಜನ್ನು ಏರಿಸಿದರು. ಆಂಪ್ಲಿಫೈಯರಿನಿಂದ 100 ವೋಲ್ಟ್ ಲೈನ್ ಹೊರಡಿಸಿ, ಹಾರ್ನಿನ ಬೆನ್ನಿಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದೇ ಇಪ್ಪತ್ತು ವ್ಯಾಟಿನ ಹಾರ್ನ್ ಲೈನಿಗೆ 500 ಓಮಿನಂತೆ ಕಾಣುತ್ತದೆ. ಅದೇ ತಂತಿಯಲ್ಲಿ ನಷ್ಟ ನೂರಕ್ಕೆ ಎರಡಕ್ಕಿಳಿಯುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು ಇದೇ ತತ್ವದ ಮೇಲೆ. ಹಳ್ಳಿಯ ಮೈಕ್‌ಸೆಟ್ಟಿನ ಹುಡುಗರು ಈ ಲೆಕ್ಕವನ್ನು ಕೈಯಿಂದ ಕೈಗೆ ಕಲಿತವರು. ಧ್ವನಿಶಾಸ್ತ್ರದ ಚರ್ಚೆಗಳಲ್ಲಿ ಅವರ ತಿಳಿವಳಿಕೆಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬುದು ನನಗೆ ನೋವಿನ ವಿಷಯ.

ಮನೆಯ ಕೇಳುಗರಿಗೆ ಈ ಪ್ರಶ್ನೆ ಎದುರಾದದ್ದು 1950ರ ದಶಕದ ನಂತರ, ಮೂರು ಕಾರಣ ಒಂದರ ಮೇಲೊಂದು ಕೂಡಿಬಂದಾಗ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಎಂಬ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯ ಸ್ಪೀಕರ್ ತಂದರು. ಅದರಿಂದ ಆಳವಾದ ಮಂದ್ರ ಹೊರಟಿತು, ಆದರೆ ಅದಕ್ಕೆ ಹೆಚ್ಚು ವ್ಯಾಟ್ ಉಣಿಸಬೇಕಿತ್ತು. 1958ರ ಹೊತ್ತಿಗೆ ಸ್ಟೀರಿಯೋ ತಟ್ಟೆಗಳು ಬಂದು, ಒಂದು ಪೆಟ್ಟಿಗೆ ಎರಡಾಗಿ ಆಂಪ್ಲಿಫೈಯರಿನಿಂದ ದೂರ ಸರಿದವು. ಆಮೇಲೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಬಂದವು. ಅವುಗಳ ಒಳರೋಧ ತೀರ ಕಡಿಮೆ, 4 ಓಮಿನ ಸ್ಪೀಕರಿಗೂ ಧಾರಾಳವಾಗಿ ಕರೆಂಟ್ ಹರಿಸಬಲ್ಲವು. ಹಳೆಯ ತೆಳು ವೈರು ಈಗ ನಿಜಕ್ಕೂ ಸಾಲದಾಯಿತು. ಸ್ಪೀಕರಿನ ರೋಧ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ, ಕೆಲವು ಕಡೆ ಕುಸಿಯುತ್ತದೆ, ಮಂದ್ರದ ಅನುರಣನದಲ್ಲಿ ಹಲವು ಪಟ್ಟು ಏರುತ್ತದೆ. ತಂತಿಯ ರೋಧ ಜಾಸ್ತಿಯಿದ್ದರೆ ಒಟ್ಟು ಸದ್ದು ತಗ್ಗುವುದರ ಜೊತೆಗೆ ನಾದದ ಬಣ್ಣವೇ ತುಸು ಬದಲಾಗುತ್ತದೆ. ಆದ್ದರಿಂದ ದಪ್ಪ ತಂತಿ ಬೇಕೆಂದವರ ಮಾತಿನಲ್ಲಿ ಹುರುಳಿತ್ತು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದ ನೋಯೆಲ್ ಲೀ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ 1970ರ ದಶಕದ ಕೊನೆಗೆ ಶುರುಮಾಡಿದ ಮಾನ್‌ಸ್ಟರ್ ಕೇಬಲ್ ಕಂಪನಿ ಮಾರಿದ್ದು ಈ ಹುರುಳನ್ನೇ: ಅನೇಕ ಎಳೆಗಳ ದಪ್ಪ ತಾಮ್ರ. ಆಂಪ್ಲಿಫೈಯರ್ ಮತ್ತು ಸ್ಪೀಕರುಗಳ ಮೇಲೆ ಪೈಪೋಟಿಯಿಂದ ಲಾಭ ಕರಗುತ್ತಿದ್ದ ಅಂಗಡಿಗಳಿಗೆ, ಕಡಿಮೆ ಜಾಗ ಹಿಡಿಯುವ, ಹೆಚ್ಚು ಲಾಭ ಉಳಿಸುವ ಈ ವಸ್ತು ವರವಾಗಿ ಕಂಡದ್ದು ಸಹಜ. ಆದರೆ ದಪ್ಪ ತಂತಿ ಎಂಬಷ್ಟನ್ನೇ ಬಹುಕಾಲ ಮಾರಲಾಗದು. ಯಾವ ವಿದ್ಯುತ್ ಸಾಮಾನಿನ ಅಂಗಡಿಯಲ್ಲೂ ಅದು ಸಿಗುತ್ತದೆ. ನೇಯ್ಗೆ, ಲೋಹ, ಹೊದಿಕೆಗಳ ಬಗ್ಗೆ ಹೊಸ ಹೊಸ ಕಥನಗಳು ಹುಟ್ಟಿದ್ದು ಇಲ್ಲಿಂದ.

ಆ ಕಥನಗಳನ್ನು ಪರೀಕ್ಷಿಸದೆ ತಳ್ಳಿಹಾಕಿದರು ಎನ್ನುವಂತಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್. ಎ. ಗ್ರೈನರ್ 1980ರಲ್ಲಿ, ಫ್ರೆಡ್ ಡೇವಿಸ್ 1991ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಅಳತೆಗಳನ್ನು ಪ್ರಕಟಿಸಿದರು. ದೂರಸಂಪರ್ಕದ ಕೇಬಲಿನ ಸಿದ್ಧಾಂತವನ್ನು ಮನೆಯ ತಂತಿಗೆ ಅನ್ವಯಿಸಲಾಗದು, ಏಕೆಂದರೆ ಕಿವಿಗೆ ಕೇಳುವ ಅತಿ ತಾರ ಸ್ವರಕ್ಕೂ ತಂತಿಯಲ್ಲಿ ಅಲೆಯ ಉದ್ದ ಕಿಲೋಮೀಟರುಗಳಲ್ಲಿದೆ. ಕರೆಂಟು ತಂತಿಯ ಮೇಲ್ಮೈಗೆ ಸರಿಯುತ್ತದೆ ಎಂಬ ವಾದವೂ ಇದೆ. 20 ಸಾವಿರ ಹರ್ಟ್ಸ್‌ನಲ್ಲಿ ತಾಮ್ರದಲ್ಲಿ ಆ ಪದರದ ಆಳ ಅರ್ಧ ಮಿಲಿಮೀಟರಿಗೆ ಹತ್ತಿರ. ಆದರೆ ಐದು ಮೀಟರ್ ದೂರದ ದಪ್ಪ ತಂತಿಯಲ್ಲಿ ಅದರಿಂದ ಏರುವ ರೋಧ ಒಂದು ಓಮಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. 1983ರಲ್ಲಿ ಸ್ಟೀರಿಯೋ ರಿವ್ಯೂ ಪತ್ರಿಕೆ ಯಾವ ತಂತಿ ಎಂದು ತಿಳಿಸದೆ ಕೇಳಿಸುವ ಪರೀಕ್ಷೆ ನಡೆಸಿತು. 24 ಗೇಜಿನ ತೆಳು ತಂತಿಯನ್ನು ಭೋರ್ಗರೆಯುವ ಪರೀಕ್ಷಾ ಸದ್ದಿನಲ್ಲಿ ಕೇಳುಗರು ಗುರುತಿಸಿದರು. ಆದರೆ ಸಂಗೀತ ಹಾಕಿದಾಗ 16 ಗೇಜಿನ ದೀಪದ ವೈರಿಗೂ ದುಬಾರಿ ಕೇಬಲಿಗೂ ಭೇದ ಹೇಳಲಾಗಲಿಲ್ಲ.

ಇಂಥ ಪರೀಕ್ಷೆ ಅವಸರದ್ದು, ತಿಂಗಳುಗಟ್ಟಲೆ ಕೇಳಿದರೆ ಮಾತ್ರ ಸೂಕ್ಷ್ಮ ವ್ಯತ್ಯಾಸ ಮನಸ್ಸಿಗೆ ಇಳಿಯುತ್ತದೆ ಎಂಬ ಆಕ್ಷೇಪಣೆ ಬಹಳ ಹಳೆಯದು, ಗಂಭೀರವಾಗಿ ಎತ್ತಿಕೊಳ್ಳಬೇಕಾದದ್ದೂ ಹೌದು. ಆದರೆ ನಾದದ ನೆನಪು ದಿನ ಕಳೆದಂತೆ ಮಸುಕಾಗುತ್ತದೆಯೇ ಹೊರತು ಹರಿತವಾಗುವುದಿಲ್ಲ. ಶ್ರುತಿ ಕೂಡಿಸುವವರು ಎರಡು ಸ್ವರಗಳನ್ನು ಒಂದರ ಬೆನ್ನಿಗೊಂದು ಮೀಟಿ ಹೋಲಿಸುತ್ತಾರೆ, ನಿನ್ನೆಯ ಷಡ್ಜವನ್ನು ಇಂದಿನದರ ಜೊತೆಗಲ್ಲ. ಹೊಸ ತಂತಿ ಹಾಕಿದವರಿಗೆ ಬದಲಾವಣೆ ಕೇಳಿಸಿತೆಂದರೆ ಅವರ ಅನುಭವ ಸುಳ್ಳಲ್ಲ. ಹಳೆಯ ಕಿಲುಬು ಹಿಡಿದ ಕೊನೆಗಳನ್ನು ಬಿಚ್ಚಿ ಹೊಸದಾಗಿ ಬಿಗಿದದ್ದೇ ಎಷ್ಟೋ ಸಲ ಅದಕ್ಕೆ ಸಾಕು. ಇನ್ನು ತಂತಿಗಳಲ್ಲಿ ಭೇದವೇ ಇಲ್ಲ ಎಂಬ ಎದುರು ಪಕ್ಷದ ಹಠವನ್ನೂ ನಾನು ಒಪ್ಪಲಾರೆ. ನೂರಾರು ಎಳೆಗಳನ್ನು ಹೆಣೆದು ಮಾಡಿದ, ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುದಂಶ ಹಿಡಿದಿಡುವ ಗುಣ, ವಿಪರೀತವಿದ್ದ ಕೆಲವು ಕೇಬಲುಗಳು ಆ ಕಾಲದ ಕೆಲವು ಆಂಪ್ಲಿಫೈಯರುಗಳ ಸ್ಥಿರತೆಯನ್ನೇ ಕೆಡಿಸಿದವು.

ಹಳೆಯ ಸ್ಪೀಕರಿಗೆ ಹೊಸ ತಂತಿ ಹಾಕುವವರ ಕೈಗೆ ಈ ಇತಿಹಾಸ ಕೊಡುವ ಲೆಕ್ಕ ಸರಳ. ಮೆಕಿಂಟಾಶ್ ಕಂಪನಿಯಲ್ಲಿ ಸ್ಪೀಕರ್ ರೂಪಿಸಿದ ರೋಜರ್ ರಸೆಲ್ ಮುಂದಿಟ್ಟ ಅಳತೆಗೋಲಿನಂತೆ, ತಂತಿಯ ಒಟ್ಟು ರೋಧ ಸ್ಪೀಕರಿನ ರೋಧದ ನೂರಕ್ಕೆ 5 ಭಾಗವನ್ನು ಮೀರಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ತಾಲ್ಲೂಕಿನ ಅಂಗಡಿಯಲ್ಲಾಗಲಿ ಸಿಗುವ ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರು 8 ಓಮಿನ ಸ್ಪೀಕರಿಗೆ ಸುಮಾರು 10 ಮೀಟರ್ ದೂರದವರೆಗೆ, ಒಂದೂವರೆಯದು 15 ಮೀಟರ್‌ವರೆಗೆ ಸಾಕು. 4 ಓಮಿನದಾದರೆ ಎರಡೂವರೆಯದು 12 ಮೀಟರ್‌ವರೆಗೆ ನಡೆಯುತ್ತದೆ. ಇವತ್ತು ಎಚ್ಚರ ಬೇಕಾದದ್ದು ಅಗ್ಗದ ತಂತಿಯಲ್ಲಿ. ಅಲ್ಯೂಮಿನಿಯಮ್ ಎಳೆಗೆ ತಾಮ್ರದ ತೆಳು ಹೊದಿಕೆ ಕೊಟ್ಟು ಸ್ಪೀಕರ್ ವೈರೆಂದು ಮಾರುವುದುಂಟು. ಅದರ ವಾಹಕತೆ ತಾಮ್ರದ ಮೂರರಲ್ಲಿ ಎರಡು ಭಾಗದಷ್ಟು. ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ಹಳೆಯ ಪೆಟ್ಟಿಗೆಯೊಳಗೆ ರಬ್ಬರ್ ಹೊದಿಕೆಯ ವೈರಿದ್ದರೆ ಅದರ ಎಳೆಗಳು ಬೆಳ್ಳಗೆ ಕಾಣುವುದಕ್ಕೆ ಬೇರೆ ಕಾರಣವಿದೆ: ರಬ್ಬರಿನ ಗಂಧಕ ತಾಮ್ರವನ್ನು ಕಪ್ಪಾಗಿಸದಿರಲೆಂದು ಮಾಡಿದ ತವರದ ಕಲಾಯಿ ಅದು. ಅಂಥ ರಬ್ಬರ್ ಮುಟ್ಟಿದರೆ ಉದುರುವಂತಿದ್ದರೆ ತೆಗೆಯಲೇಬೇಕು. ಪಾರದರ್ಶಕ ಹೊದಿಕೆಯೊಳಗೆ ತಾಮ್ರ ಹಸಿರುಗಟ್ಟಿದ್ದರೆ ಕೊನೆಗಳನ್ನು ಕತ್ತರಿಸಿ ಹೊಳೆಯುವ ಲೋಹ ಸಿಗುವಲ್ಲಿಂದ ಮತ್ತೆ ಜೋಡಿಸಬೇಕು. ಬೆಸುಗೆ ಹಾಕುವ ಮೊದಲು ಧನ, ಋಣ ತುದಿಗಳನ್ನು ಗುರುತು ಮಾಡಿಕೊಳ್ಳಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಅವು ಅದಲುಬದಲಾದರೆ ಮೃದಂಗದ ಎಡಭಾಗದ ತೊಪ್ಪಿಯ ಮಂದ್ರನಾದ ತೆಳುವಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಚದುರುತ್ತದೆ. ಗುರುತು ಅಳಿಸಿಹೋಗಿದ್ದರೆ ಮಂದ್ರದ ಸ್ಪೀಕರಿನ ತುದಿಗಳಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ತಿಳಿಯುತ್ತದೆ. ಕಾಗದದ ಶಂಕು ಮುಂದಕ್ಕೆ ಬಂದರೆ ಸೆಲ್ಲಿನ ಧನ ತುದಿ ತಾಗಿದ ಕಡೆಯೇ ಸಾಮಾನ್ಯವಾಗಿ ಸ್ಪೀಕರಿನ ಧನ ತುದಿ.