ವಾಲ್ ದೋರ್ಚಾ: ಜೇಡಿಮಣ್ಣು ಮತ್ತು ಅರ್ಧಪಾಲಿನ ಒಕ್ಕಲು

ಅಲೆಯಲೆಯಾದ ಗೋಧಿ ಹೊಲ, ದಿಬ್ಬಕ್ಕೊಂದು ಕಲ್ಲುಮನೆ, ದಾರಿಯುದ್ದಕ್ಕೂ ಸೈಪ್ರಸ್ ಸಾಲು. ಇಟಲಿಯ ಟಸ್ಕನಿಯಲ್ಲಿರುವ ವಾಲ್ ದೋರ್ಚಾ ಕಣಿವೆಯ ಈ ಚೆಲುವು ಶತಮಾನಗಳಿಂದ ಹೀಗೆಯೇ ಇದೆ ಎಂದು ನೋಡುಗರು ನಂಬುತ್ತಾರೆ. 2004ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ ಕೂಡ 14–15ನೆಯ ಶತಮಾನದ ಸಿಯೆನಾ ನಗರರಾಜ್ಯದ ಸುರಾಜ್ಯ ಕಲ್ಪನೆಯನ್ನೇ ಮುಂದಿಟ್ಟಿತು. ಈ ವಾದ ಸುಳ್ಳಲ್ಲ. ಆದರೆ ದುಡಿದವರ ಪಾಲು ಅದರಲ್ಲಿ ತೀರ ಕಡಿಮೆ.

ನೆಲದಿಂದಲೇ ತೊಡಗಬೇಕು. ಪ್ಲಯೊಸೀನ್ ಕಾಲದಲ್ಲಿ ಇದು ಸಮುದ್ರದ ತಳ. ಆಗ ಕೂತ ಜೇಡಿಮಣ್ಣು ಮಳೆಗೆ ಅಂಟು, ಬೇಸಿಗೆಗೆ ಬಿರುಕು. ಹುಲ್ಲೂ ಸರಿಯಾಗಿ ಹಿಡಿಯದ ಬೋಳು ದಿಬ್ಬಗಳ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ. ಅವನ್ನು ಬಿಯಂಕಾನೆ ಎನ್ನುತ್ತಾರೆ. ಎರಡನೆಯ ಪಿಯಸ್ ಪೋಪ್ ತನ್ನ ಹುಟ್ಟೂರು ಕೊರ್ಸಿನ್ಯಾನೊವನ್ನು ಪಿಯೆಂಜಾ ಎಂಬ ಆದರ್ಶ ಪಟ್ಟಣವಾಗಿ ಕಟ್ಟಿಸಿದ. 1462ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಕೆಥೆಡ್ರಲ್‌ನ ಹಿಂಬದಿ ಇಳಿಜಾರಿನತ್ತ ಕುಸಿಯುತ್ತಲೇ ಬಂದಿದೆ. ಪೋಪನಿಗೇ ರಿಯಾಯಿತಿ ತೋರದ ನೆಲ ಒಕ್ಕಲಿಗೆ ತೋರೀತೆ? ನೆರೆಯ ಬಾನ್ಯೊ ವಿನ್ಯೋನಿಯ ಭಾಗ್ಯ ಬೇರೆ: ಹೊಳೆ ಬತ್ತಿದ ಬೇಸಿಗೆಯಲ್ಲೂ ಅಲ್ಲಿನ ಬಿಸಿನೀರ ಬುಗ್ಗೆ ಬಂಡೆಯೊಳಗೆ ಕೊರೆದ ಹಿಟ್ಟಿನ ಗಿರಣಿಗಳನ್ನು ತಿರುಗಿಸುತ್ತಿತ್ತು.

ದಿಬ್ಬಕ್ಕೊಂದು ಮನೆ ಎದ್ದದ್ದು ಸೌಂದರ್ಯಕ್ಕಲ್ಲ. ಮೆಜ್ಜಾದ್ರಿಯಾ ಎಂಬ ಪದ್ಧತಿಯಲ್ಲಿ ಬೆಳೆಯ ಅರ್ಧ ಒಡೆಯನಿಗೆ, ಅರ್ಧ ಒಕ್ಕಲಿಗೆ. ಒಕ್ಕಲು ಮನೆಮಂದಿಯೊಂದಿಗೆ ಉಳುವ ಭೂಮಿಯಲ್ಲೇ ಇರಬೇಕಿತ್ತು; ಹಾಗಾಗಿಯೇ ದಿಬ್ಬಕ್ಕೊಂದು ಮನೆ.

1920ರ ದಶಕದಲ್ಲಿ ಇದೇ ಕಣಿವೆಯ ಲಾ ಫೋಚೆ ಎಸ್ಟೇಟನ್ನು ಕೊಂಡ ಆಂಟೋನಿಯೊ ಮತ್ತು ಐರಿಸ್ ಒರಿಗೊ ದಂಪತಿ ಬೋಳು ದಿಬ್ಬಗಳನ್ನು ಕಡಿದು ಹೊಲ ಮಾಡಿಸಿದರು. ರಸ್ತೆ, ಶಾಲೆ, ಚಿಕಿತ್ಸಾಲಯ ಕಟ್ಟಿಸಿದರು. ಇಂದು ಎಲ್ಲರೂ ಕ್ಯಾಮೆರಾ ಹಿಡಿಯುವ, ಸೈಪ್ರಸ್ ನೆಟ್ಟ ಅಂಕುಡೊಂಕು ದಾರಿ ಇವರ ಕಾಲದ್ದೇ. ಐರಿಸ್ ಅವರ ಯುದ್ಧಕಾಲದ ದಿನಚರಿ 1947ರಲ್ಲಿ ಪ್ರಕಟವಾಯಿತು. 1944ರ ಜೂನ್‌ನಲ್ಲಿ ಶೆಲ್ ದಾಳಿಯ ನಡುವೆ ತಮ್ಮ ಆಸರೆಯಲ್ಲಿದ್ದ ಮಕ್ಕಳನ್ನೆಲ್ಲ ಕಟ್ಟಿಕೊಂಡು ಮೊಂಟೆಪುಲ್ಚಾನೊವರೆಗೆ ನಡೆದುಹೋದ ಸಂಗತಿ ಅದರಲ್ಲಿದೆ.

ಯುದ್ಧ ಮುಗಿದ ಮೇಲೆ ಒಕ್ಕಲುಗಳು ನಗರ ಹಿಡಿದವು. 1964ರ ಕಾನೂನು ಹೊಸ ಅರ್ಧಪಾಲಿನ ಕರಾರುಗಳನ್ನು ನಿಷೇಧಿಸಿತು. 1982ರ ಕಾನೂನು ಉಳಿದವನ್ನು ಗೇಣಿಗೆ ತಿರುಗಿಸಲು ದಾರಿ ಮಾಡಿತು. ಬರಿದಾದ ಮನೆಗಳಿಗೆ ಸಾರ್ಡೀನಿಯಾದಿಂದ ಕುರಿಗಾಹಿಗಳು ಬಂದರು. ಪಿಯೆಂಜಾದ ಪೆಕೊರೀನೊ ಚೀಸ್ ಈ ವಲಸಿಗರಿಗೆ ಬಹಳ ಋಣಿ, ಪ್ರವಾಸಿ ಕೈಪಿಡಿಗಳು ಹೇಳದಿದ್ದರೂ. ಟ್ರ್ಯಾಕ್ಟರು, ಬುಲ್ಡೋಜರುಗಳು ಇನ್ನಷ್ಟು ಬಿಯಂಕಾನೆಗಳನ್ನು ಅಳಿಸಿ, ಇಂದಿನ ನುಣುಪಾದ ಗೋಧಿ ಬಯಲನ್ನು ಮಾಡಿದವು. ಅಳಿಯದೆ ಉಳಿದ ಕೆಲವನ್ನು ಕಾಯಲು ಪಿಯೆಂಜಾದ ಲೂಚೋಲಾ ಬೆಲ್ಲಾದಲ್ಲಿ ಈಗ ಸಂರಕ್ಷಿತ ನಿಸರ್ಗಧಾಮವಿದೆ.