ಮಾಧವನಗರದಲ್ಲಿ ಮನೆ ಹಿಡಿಯುವ ಮುನ್ನ

ಸಾಂಗಲಿ, ಮಿರಜ, ಮಾಧವನಗರ ಹತ್ತಿರದ ಊರುಗಳೇ ಆದರೂ ಅಲ್ಲಿಯ ದಿನಚರಿ ಬೇರೆ ಬೇರೆ. ಮೇಲಿಂದ ಮೇಲೆ ಆಸ್ಪತ್ರೆಗೆ ಹೋಗುವವರಿಗೆ, ಬೆಳಗಾವಿ ರೈಲು ಹಿಡಿಯುವವರಿಗೆ ಮಿರಜ ಅನುಕೂಲ. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಕೆಲಸವಿದ್ದವರಿಗೆ ಮಾಧವನಗರ ಸಮೀಪ. ನೋಡಿದ ಮನೆಯ ಬಳಿ ಪವರ್‌ಲೂಮ್ ಇದ್ದರೆ ರಾತ್ರಿಯೂ ಒಮ್ಮೆ ಹೋಗಿ ಸಪ್ಪಳ ಕೇಳಿ ಬನ್ನಿ.

ಬಾಡಿಗೆ ಕಡಿಮೆ ಎಂದು ಒಪ್ಪುವ ಮುನ್ನ ಕೃಷ್ಣೆಯನ್ನು ನೆನೆಯಿರಿ. ಸಾಂಗಲಿಯ ಆಯರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತ್ತು. 2005, 2021ರಲ್ಲೂ ಮಹಾಪೂರ ಬಂದಿತ್ತು. ಆಗ ನೀರು ಎಲ್ಲಿಯವರೆಗೆ ಏರಿತ್ತೆಂದು ಮಾಲೀಕರನ್ನಷ್ಟೇ ಅಲ್ಲ, ಓಣಿಯ ಹಿರಿಯರನ್ನೂ ಕೇಳಿ. ಮನೆ ಎತ್ತರದಲ್ಲಿದ್ದರೂ ಆಸ್ಪತ್ರೆಯ ದಾರಿ ಮುಳುಗಿದರೆ ವಯಸ್ಸಾದವರಿಗೆ ತೊಂದರೆ. ದಾರಿಯನ್ನೂ ವಿಚಾರಿಸಿಯೇ ಮುಂಗಡ ಕೊಡಿ.